ಮೂವತ್ತೆರಡು ಬಾಗಿಲುಗಳ ಕಾವಲು

ಆರೇಳು ತಿಂಗಳ ಕೂಸಿಗೆ ಒಳಲೆಯಲ್ಲಿ ಹಾಲು ಹಾಕುತ್ತಿರುವಾಗ ಒಂದು ದಿನ ಬೆಳ್ಳಿಯ ಮೂತಿಗೆ ಏನೋ ‘ಟಕ್’ ಎಂದು ತಾಗುತ್ತದೆ. ಅಜ್ಜಿ ಬೆರಳಾಡಿಸಿ ನೋಡಿ, ‘ಹಲ್ಲು ಬಂತು ಕಣೇ!’ ಎಂದು ಮನೆಗೆಲ್ಲ ಸಾರುತ್ತಾಳೆ. ಕೆಳದವಡೆಯ ನಡುವೆ ಅಕ್ಕಿಕಾಳಿನಷ್ಟು ಬಿಳುಪು ಇಣುಕಿರುತ್ತದೆ. ಆ ಸಂಭ್ರಮದಲ್ಲಿ ಒಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಕಲ್ಲಿನಂಥ ಗಟ್ಟಿ ವಸ್ತುವೊಂದು ಮೃದುವಾದ ಮಾಂಸವನ್ನು ಭೇದಿಸಿಕೊಂಡು ಹೊರಬಂದಿದೆ, ಆದರೆ ಅಲ್ಲಿ ಗಾಯವಿಲ್ಲ, ರಕ್ತವೂ ಇಲ್ಲವೆಂಬಷ್ಟು ಕಡಿಮೆ.

ಈ ಪವಾಡಸದೃಶ ಘಟನೆಯ ಹಿಂದಿರುವುದು ಅತ್ಯಂತ ನಾಜೂಕಿನ ಜೈವಿಕ ಏರ್ಪಾಡು. ಹಲ್ಲಿನ ಎನಾಮೆಲ್ ಕವಚವನ್ನು ರಚಿಸಿದ ಜೀವಕೋಶಗಳು ಕೆಲಸ ಮುಗಿದ ಮೇಲೂ ಹಲ್ಲಿನ ನೆತ್ತಿಯ ಮೇಲೆ ತೆಳುಪೊರೆಯಾಗಿ ಉಳಿದಿರುತ್ತವೆ. ಹಲ್ಲು ಮೇಲೇರುತ್ತ ಬಂದಂತೆ ಆ ಪೊರೆ ಬಾಯಿಯ ಹೊರಪದರವನ್ನು ಮುಟ್ಟಿ ಅದರೊಡನೆ ಬೆಸೆದುಕೊಳ್ಳುತ್ತದೆ. ಬೆಸುಗೆಯ ನಟ್ಟನಡುವೆ ಅಂಗಾಂಶ ಕ್ಷಯಿಸಿ ಒಂದು ಕಿಂಡಿ ತೆರೆಯುತ್ತದೆ. ಕಿಂಡಿಯ ಗೋಡೆಗೆ ಮೊದಲೇ ಪೊರೆಯ ಲೇಪವಿರುವುದರಿಂದ ರಕ್ತನಾಳಗಳಿರುವ ಒಳಪದರ ಒಂದು ಕ್ಷಣವೂ ಬಯಲಾಗುವುದಿಲ್ಲ. ಹಲ್ಲು ಹೊರಬರುವ ಹೊತ್ತಿಗೆ ಅದರ ಕೊರಳ ಸುತ್ತ ಕಾವಲು ಸಿದ್ಧವಾಗಿರುತ್ತದೆ. ಆ ಕಾವಲಿಗೆ ನಾವು ಇಟ್ಟುಕೊಂಡಿರುವ ಸರಳ ಹೆಸರು ವಸಡು.

ಮಾನವದೇಹವನ್ನು ಒಂದು ಕೋಟೆಯೆಂದು ಭಾವಿಸಿದರೆ ಚರ್ಮವೂ ಬಾಯಿ, ಕರುಳುಗಳ ಒಳಪೊರೆಯೂ ಅದರ ಅಖಂಡ ಗೋಡೆ. ಆ ಗೋಡೆ ಎಲ್ಲಿ ಬಿರುಕು ಬಿಟ್ಟರೂ ಸೂಕ್ಷ್ಮಜೀವಿಗಳು ನುಗ್ಗುತ್ತವೆ. ಕಾಲಿಗೆ ಹೊಕ್ಕ ಜಾಲಿಮುಳ್ಳನ್ನು ಹಾಗೇ ಬಿಟ್ಟರೆ ನಾಲ್ಕು ದಿನದಲ್ಲಿ ಕೀವು ಕಟ್ಟುತ್ತದೆ. ಕೂದಲು, ಉಗುರುಗಳು ಗೋಡೆಯನ್ನು ತೂರಿ ಬಂದಂತೆ ಕಂಡರೂ ಅವು ಆ ಗೋಡೆಯೇ ಬೆಳೆದು ಗಟ್ಟಿಯಾದ ಭಾಗಗಳು. ನಿಜವಾಗಿಯೂ ಒಳಗಿನ ಮೂಳೆಯಲ್ಲಿ ಬೇರೂರಿ, ಗೋಡೆಯನ್ನು ತೂರಿ, ಹೊರಜಗತ್ತಿಗೆ ತಲೆಯೆತ್ತಿ ನಿಲ್ಲುವ ರಚನೆ ಸಹಜವಾದ ಆರೋಗ್ಯವಂತ ದೇಹದಲ್ಲಿ ಹಲ್ಲೊಂದೇ. ಬಾಲ್ಯದಲ್ಲಿ ಇಪ್ಪತ್ತು, ದೊಡ್ಡವರಲ್ಲಿ ಮೂವತ್ತೆರಡು ಕಡೆ ಕೋಟೆಗೋಡೆಗೆ ಹೀಗೆ ತೂತು ಬಿದ್ದಿರುತ್ತದೆ. ಅದೂ ದೇಹದಲ್ಲಿ ಸೂಕ್ಷ್ಮಜೀವಿಗಳು ಅತಿ ದಟ್ಟವಾಗಿ ನೆಲೆಸಿರುವ ತಾಣಗಳಲ್ಲೊಂದಾದ ಬಾಯಿಯಲ್ಲಿ. ಬಿಸಿ ಸಾರು, ಐಸ್‌ಕ್ರೀಂ, ಕೋಡುಬಳೆ, ಕಬ್ಬು ಎಲ್ಲವೂ ಹಾದುಹೋಗುವ ದಾರಿಯಲ್ಲಿ ಆಯುಷ್ಯದುದ್ದಕ್ಕೂ ಆ ತೂತುಗಳನ್ನು ಮುಚ್ಚಿ ಹಿಡಿಯುವ ಹೊಣೆ ವಸಡಿನದು. ಹಲ್ಲಿನ ಹೊಳಪಿಗೆ ಸಿಕ್ಕಷ್ಟು ಹೊಗಳಿಕೆ ಅದನ್ನು ಹಿಡಿದು ನಿಲ್ಲಿಸಿರುವ ಈ ಮಾಂಸದಂಚಿಗೆ ಎಂದೂ ಸಿಕ್ಕಿಲ್ಲ.

ಕನ್ನಡಿಯೆದುರಿನ ಭೂಗೋಳ

ಬೆಳಕಿರುವ ಕಡೆ ನಿಂತು ಮೇಲ್ದುಟಿಯನ್ನು ಎತ್ತಿದರೆ ವಸಡಿನ ನಕಾಶೆ ಪೂರ್ತಿಯಾಗಿ ಕಾಣುತ್ತದೆ. ಹಲ್ಲಿನ ಕೊರಳಿಗೆ ಅಂಟಿದಂತೆ ಕಾಣುವ ಕಿರಿದಾದ ಅಂಚು ‘ಬಿಡಿ ವಸಡು’. ಅಗಲ ಒಂದು ಮಿಲಿಮೀಟರಿನ ಆಸುಪಾಸು. ಅದು ಹಲ್ಲಿಗೆ ಒತ್ತಿಕೊಂಡಿದ್ದರೂ ಅದಕ್ಕೂ ಹಲ್ಲಿಗೂ ನಡುವೆ ಒಂದು ಸಣ್ಣ ಓಣಿಯಿದೆ. ಬಿಡಿ ವಸಡಿನ ಆಚೆಗಿರುವುದು ಮೂಳೆಗೆ ಬಿಗಿಯಾಗಿ ಕೂತಿರುವ ‘ಅಂಟು ವಸಡು’. ತುಟಿಯನ್ನು ಎಷ್ಟೇ ಎಳೆದಾಡಿದರೂ ಅದು ಕದಲುವುದಿಲ್ಲ. ಅದರ ಅಗಲ ಎಲ್ಲೆಡೆ ಒಂದೇ ಅಲ್ಲ. ಮೇಲಿನ ಬಾಚಿಹಲ್ಲುಗಳ ಬಳಿ ಸುಮಾರು 3.5ರಿಂದ 4.5 ಮಿಲಿಮೀಟರ್ ಇದ್ದರೆ, ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆಹಲ್ಲಿನ ಬಳಿ ಎರಡು ಮಿಲಿಮೀಟರಿಗಿಂತ ಕೊಂಚ ಕಡಿಮೆ. ಇನ್ನೂ ಮೇಲೆ ಹೋದರೆ ಒಂದು ಗೆರೆ ಎದುರಾಗುತ್ತದೆ. ಗೆರೆಯ ಆಚೆ ಬಣ್ಣ ಗಾಢ ಕೆಂಪು, ಮೈ ನುಣುಪು, ಸಣ್ಣ ರಕ್ತನಾಳಗಳು ಹೊರಗೇ ಕಾಣಿಸುತ್ತವೆ. ಅಲ್ಲಿಂದಾಚೆ ವಸಡಲ್ಲ, ಕೆನ್ನೆಯ ಒಳಭಾಗದಂಥ ಸಡಿಲವಾದ ಒಳಪೊರೆ. ತುಟಿಯನ್ನು ಅಲುಗಿಸಿದಾಗ ಎಲ್ಲಿಂದ ಅಲುಗಾಟ ಶುರುವಾಗುತ್ತದೋ ಅದೇ ಈ ಎರಡು ಸೀಮೆಗಳ ಗಡಿ. ಅಂಗುಳಿನ ಕಡೆ ಮಾತ್ರ ಇಂಥ ಗಡಿಯಿಲ್ಲ. ವಸಡು ಅಲ್ಲಿ ಯಾವ ಗೆರೆಯನ್ನೂ ತೋರಿಸದೆ ಅಂಗುಳಿನೊಡನೆ ಒಂದಾಗುತ್ತದೆ.

ಅಂಟು ವಸಡನ್ನು ಒರೆಸಿ ಒಣಗಿಸಿ ನೋಡಿದರೆ ಹಲವರಲ್ಲಿ ಕಿತ್ತಳೆ ಸಿಪ್ಪೆಯಂತೆ ನವಿರಾದ ಚುಕ್ಕಿಗುಳಿಗಳು ಕಾಣುತ್ತವೆ. ಮೇಲ್ಪದರವೂ ಒಳಪದರವೂ ಒಂದರೊಳಗೊಂದು ಹೆಣೆದುಕೊಂಡಿರುವುದರ ಗುರುತು ಅದು. ಎಲ್ಲರಲ್ಲೂ ಕಾಣಲೇಬೇಕೆಂದಿಲ್ಲ. ಕಾಣದಿದ್ದರೆ ರೋಗವೆಂದೂ ಅಲ್ಲ. ಆದರೆ ಇದ್ದ ಗುಳಿಗಳು ಮಾಯವಾಗಿ ವಸಡು ಉಬ್ಬಿ ಮಿರುಗತೊಡಗಿದರೆ ಒಳಗೆ ನೀರು ತುಂಬಿದೆ ಎಂದು ತಿಳಿಯಬೇಕು. ಹೊಳೆಯುವ ವಸಡು ಆರೋಗ್ಯದ ಲಕ್ಷಣವೆಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ವಾಸ್ತವ ಅದಕ್ಕೆ ನೇರ ವಿರುದ್ಧ.

ಬಣ್ಣದ ವಿಷಯದಲ್ಲಿ ಪಾಶ್ಚಾತ್ಯ ಪಠ್ಯಪುಸ್ತಕಗಳು ನಮಗೆ ಬಹುಕಾಲ ಒಂದು ಅನ್ಯಾಯ ಮಾಡಿದವು. ಸ್ವಸ್ಥ ವಸಡು ಹವಳದಂತೆ ನಸುಗೆಂಪಾಗಿರುತ್ತದೆ ಎಂದು ಅವು ಬರೆದವು. ನಮ್ಮ ನಾಡಿನ ಅಸಂಖ್ಯ ಬಾಯಿಗಳಲ್ಲಿ ಮಾತ್ರ ವಸಡಿನ ಮೇಲೆ ಕಂದು ಅಥವಾ ನೇರಳೆಗಪ್ಪು ಪಟ್ಟಿಯಿದೆ. ಅದನ್ನು ಹೊಗೆಯ ಕಲೆಯೆಂದೋ ರಕ್ತದೋಷವೆಂದೋ ಭಾವಿಸಿ ಮದುವೆಯ ಫೋಟೊಗಳಲ್ಲಿ ತುಟಿ ಬಿಗಿಹಿಡಿದು ನಕ್ಕವರೆಷ್ಟೋ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ವಸಡಿಗೂ ಬಣ್ಣ ಕೊಡುತ್ತದೆ. ಅದನ್ನು ತಯಾರಿಸುವ ಜೀವಕೋಶಗಳು ಕಪ್ಪು, ಕೆಂಪು ವಸಡುಗಳೆರಡರಲ್ಲೂ ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿರುತ್ತವೆ. ಒಬ್ಬರಲ್ಲಿ ಅವು ಹೆಚ್ಚು ದುಡಿಯುತ್ತವೆ, ಇನ್ನೊಬ್ಬರಲ್ಲಿ ಕಡಿಮೆ. ಈ ವರ್ಣವೈವಿಧ್ಯ ಸಹಜವೆಂಬುದನ್ನು ಒತ್ತಿ ಹೇಳಿದವರಲ್ಲಿ ಆಫ್ರಿಕನ್-ಅಮೆರಿಕನ್ ದಂತತಜ್ಞ ಕ್ಲಿಫ್ಟನ್ ಡಮೆಟ್ ಪ್ರಮುಖರು. 1964ರಲ್ಲಿ ಅವರು ಗುಪ್ತ ಎಂಬ ಸಹಲೇಖಕರೊಂದಿಗೆ ರೂಪಿಸಿದ ಮಾಪಕ ವಸಡಿನ ಬಣ್ಣವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿದೆ. ಲೇಸರಿನಿಂದ ವಸಡಿನ ಕಪ್ಪು ತೆಗೆಯಿಸುವ ಸೌಂದರ್ಯ ಚಿಕಿತ್ಸೆ ಈಗ ನಗರಗಳಲ್ಲಿ ಸಲೀಸಾಗಿ ಸಿಗುತ್ತದೆ. ಬೇಕೆನಿಸಿದವರು ಮಾಡಿಸಿಕೊಳ್ಳಲಿ. ಆದರೆ ಅಲ್ಲಿ ಗುಣಪಡಿಸಬೇಕಾದ ಕಾಯಿಲೆ ಏನೂ ಇರಲಿಲ್ಲ, ತೆಗೆದ ಬಣ್ಣ ಕಾಲಾನಂತರ ಮರಳುವುದೂ ಅಪರೂಪವಲ್ಲ.

ಇನ್ನು ಎರಡು ಹಲ್ಲುಗಳ ಸಂದಿಯನ್ನು ತುಂಬುವ ತ್ರಿಕೋನ. ಹೊರಗಿನಿಂದ ಒಂದೇ ಶಿಖರದಂತೆ ಕಾಣುವ ಇದು ದವಡೆಹಲ್ಲುಗಳ ನಡುವೆ ವಾಸ್ತವವಾಗಿ ಎರಡು ಶಿಖರ. ಕೆನ್ನೆಯ ಕಡೆಗೊಂದು, ನಾಲಗೆಯ ಕಡೆಗೊಂದು, ಮಧ್ಯೆ ಹಲ್ಲುಗಳು ಪರಸ್ಪರ ತಾಗುವ ಜಾಗದ ಕೆಳಗೆ ಒಂದು ತಗ್ಗು. 1959ರಲ್ಲಿ ಕೊಹೆನ್ ಎಂಬ ವಿಜ್ಞಾನಿ ಈ ಕಣಿವೆಯತ್ತ ಗಮನ ಸೆಳೆದರು. ಅಂಟು ವಸಡಿನ ಮೇಲಿರುವಂಥ ಗಟ್ಟಿ ಹೊದಿಕೆ ಕಣಿವೆಯ ಮೇಲಿಲ್ಲ, ಬ್ರಷ್ಷಿನ ಎಳೆಯೂ ಅಲ್ಲಿಗೆ ತಲುಪುವುದಿಲ್ಲ. ಮಾವಿನ ಓಟೆಯ ನಾರು, ಅಡಿಕೆಯ ಚೂರು ಸಿಕ್ಕಿಕೊಂಡು ಪೀಡಿಸುವುದು ಈ ತಾಣದಲ್ಲಿ, ವಸಡಿನ ರೋಗ ಬಹುತೇಕ ಮೊದಲು ತಲೆಯೆತ್ತುವುದೂ ಇಲ್ಲಿಯೇ. ತ್ರಿಕೋನ ಸಂದಿಯನ್ನು ಪೂರ್ತಿ ತುಂಬುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹಲ್ಲುಗಳು ತಾಗುವ ಬಿಂದುವಿಗೂ ಕೆಳಗಿನ ಮೂಳೆಯ ನೆತ್ತಿಗೂ ಇರುವ ಅಂತರ. 1992ರಲ್ಲಿ ಡೆನಿಸ್ ಟಾರ್ನೋ ಮತ್ತು ಸಂಗಡಿಗರು ಅಳೆದು ನೋಡಿದಾಗ, ಅಂತರ 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದ ಕಡೆ ಹೆಚ್ಚುಕಡಿಮೆ ಎಲ್ಲೆಡೆಯೂ ಸಂದಿ ತುಂಬಿತ್ತು. 6 ಮಿಲಿಮೀಟರ್ ಇದ್ದ ಕಡೆ ಸುಮಾರು ಅರ್ಧದಷ್ಟು ಮಾತ್ರ. ನಗುವಾಗ ಹಲ್ಲುಗಳ ನಡುವೆ ಕಪ್ಪು ಕಿಂಡಿ ಕಾಣುತ್ತದೋ ಇಲ್ಲವೋ ಎಂಬುದು ಒಂದೇ ಒಂದು ಮಿಲಿಮೀಟರಿನ ಮಾತು.

ಗಾಜಿನ ಪಟ್ಟಿಯ ಮೇಲಿನ ಲೋಕ

ದಂತವೈದ್ಯಕೀಯ ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟ ವಸಡಿನ ತುಣುಕು ಗುಲಾಬಿ–ನೇರಳೆ ಬಣ್ಣಗಳ ಇಳಕಲ್ ಸೆರಗಿನಂತೆ ಕಾಣುತ್ತದೆ. ಮೇಲಿನ ನೇರಳೆ ಪಟ್ಟಿಯೇ ಹೊರಪದರ. ಅದರ ದಪ್ಪ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ, ಆದರೂ ಜೀವಕೋಶಗಳು ಅಲ್ಲಿ ಅಂತಸ್ತು ಅಂತಸ್ತಾಗಿ ನಿಂತಿರುತ್ತವೆ. ತಳದ ಸಾಲಿನಲ್ಲಿ ಹುಟ್ಟಿದ ಕೋಶ ಮೇಲೇರುತ್ತ ಚಪ್ಪಟೆಯಾಗಿ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು, ತುದಿ ಮುಟ್ಟಿದ ಮೇಲೆ ಉದುರಿಹೋಗುತ್ತದೆ. ಪ್ರಾಣಿಗಳ ಮೇಲಿನ ಅಧ್ಯಯನಗಳ ಪ್ರಕಾರ ಈ ಹೊದಿಕೆ ಹತ್ತು–ಹನ್ನೆರಡು ದಿನಕ್ಕೊಮ್ಮೆ ಪೂರ್ಣವಾಗಿ ಹೊಸದಾಗುತ್ತದೆ. ಚಕ್ಕುಲಿಯ ಚೂಪು ತಾಗಿ ಗೀರಿದ ಗಾಯ ವಾರದಲ್ಲಿ ಗುರುತು ಸಿಗದಂತೆ ಮಾಯುವುದು ಹೀಗೆ. ಚರ್ಮಕ್ಕೆ ಹೋಲಿಸಿದರೆ ವಸಡು ಕಲೆಯನ್ನು ಉಳಿಸಿಕೊಳ್ಳುವುದೇ ವಿರಳ.

ಅಗಿತದ ಒತ್ತಡಕ್ಕೆ ಹೇಳಿ ಮಾಡಿಸಿದ ಹೊದಿಕೆಯಿದು. ಹಲ್ಲುಗಳೆಲ್ಲ ಹೋದ ಮೇಲೂ ದವಡೆಯ ದಿಂಡು ಗಟ್ಟಿ ಹೊದಿಕೆಯನ್ನು ಬಿಟ್ಟುಕೊಡುವುದಿಲ್ಲ. ಎಲೆಯಡಿಕೆಗೆ ಕುಟ್ಟಾಣಿ ಬೇಕೆನ್ನುವ ಬೊಚ್ಚುಬಾಯಿಯ ಅಜ್ಜಂದಿರು ರಾಗಿರೊಟ್ಟಿಯನ್ನು ಮಾತ್ರ ವಸಡಿನಲ್ಲೇ ನುರಿದು ನುಂಗುವುದನ್ನು ನೋಡಿದವರಿಗೆ ಅದರ ಬಲ ಗೊತ್ತು.

ನೇರಳೆ ಪಟ್ಟಿಯ ಕೆಳಗಿನ ಗುಲಾಬಿ ವಿಸ್ತಾರವೇ ಸಂಯೋಜಕ ಅಂಗಾಂಶ. ಹೊರಪದರ ತನ್ನ ಬೆರಳುಗಳನ್ನು ಇದರೊಳಕ್ಕೆ ಇಳಿಸಿದೆ, ಇದು ತನ್ನ ಬೆರಳುಗಳನ್ನು ಮೇಲಕ್ಕೆ ಚಾಚಿದೆ. ಎರಡು ಕೈಗಳ ಬೆರಳು ಹೆಣೆದಂತೆ. ಇದರ ಗಾತ್ರದಲ್ಲಿ ಸುಮಾರು ಶೇ 60ರಷ್ಟು ಕೊಲಾಜನ್ ಎಳೆಗಳೇ. ಆ ಎಳೆಗಳು ಕಂತೆಕಂತೆಯಾಗಿ ನಿರ್ದಿಷ್ಟ ದಿಕ್ಕುಗಳಲ್ಲಿ ಸಾಗುವ ಪರಿ ಕುಶಲ ನೇಕಾರನನ್ನೂ ಬೆರಗುಗೊಳಿಸುವಂಥದು. ಕೆಲವು ಕಂತೆಗಳು ಹಲ್ಲಿನ ಬೇರನ್ನು ಹೊದ್ದಿರುವ ಸಿಮೆಂಟಮ್‌ನಿಂದ ಹೊರಟು ಬೀಸಣಿಗೆಯಂತೆ ವಸಡಿನೊಳಕ್ಕೆ ಹರಡುತ್ತವೆ. ಕೆಲವು ಮೂಳೆಯ ನೆತ್ತಿಯಿಂದ ಮೇಲಕ್ಕೇರುತ್ತವೆ. ಕೆಲವು ಹಲ್ಲಿನ ಕೊರಳನ್ನು ಪೀಪಾಯಿಯ ಪಟ್ಟಿಯಂತೆ ಸುತ್ತುವರಿಯುತ್ತವೆ. ಇನ್ನು ಕೆಲವು ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ, ನಡುವಿನ ಮೂಳೆಯ ನೆತ್ತಿಯನ್ನು ದಾಟಿ, ಸೇತುವೆ ಕಟ್ಟುತ್ತವೆ. ತಂತಿ ಹಾಕಿಸಿ ನೇರ ಮಾಡಿದ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಸರಿಯಲು ಹವಣಿಸುವುದಕ್ಕೆ ಮೊಂಡು ಹಟದ ಈ ಎಳೆಗಳೂ ಒಂದು ಕಾರಣ.

ಕೊಲಾಜನ್ನಿನ ಹೆಣಿಗೆ ನಿಂತಿರುವುದು ವಿಟಮಿನ್ ‘ಸಿ’ಯ ಮೇಲೆ. ಅದಿಲ್ಲದಿದ್ದರೆ ಎಳೆಗಳ ಹುರಿ ಗಟ್ಟಿಯಾಗುವುದಿಲ್ಲ. ಇದನ್ನು ಮನುಕುಲ ಕಲಿತದ್ದು ಸಮುದ್ರದ ಮೇಲೆ, ಅಪಾರ ಸಾವುಗಳ ಬೆಲೆ ತೆತ್ತು. ಅದರ ಒಂದು ಅಧ್ಯಾಯ ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದಿಂದಲೇ ಆರಂಭವಾಗುತ್ತದೆ. ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮನ ಹಡಗುಗಳು ಅಲ್ಲಿ ತಂಗಿ, 1498ರ ಅಕ್ಟೋಬರ್ ಆರಂಭದಲ್ಲಿ ಆಫ್ರಿಕಾದತ್ತ ಹೊರಟವು. ಗಾಳಿ ಕೈಕೊಟ್ಟಿತು. ದಡ ಕಾಣಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ನಾವಿಕರ ವಸಡು ಬಾತು, ಹಲ್ಲುಗಳನ್ನೇ ಮುಚ್ಚುವಷ್ಟು ಬೆಳೆದು, ಅನ್ನ ನುಂಗಲಾಗದೆ ಸುಮಾರು ಮೂವತ್ತು ಮಂದಿ ಅಸುನೀಗಿದರೆಂದು ಯಾತ್ರೆಯ ದಿನಚರಿ ದಾಖಲಿಸಿದೆ. 1747ರಲ್ಲಿ ಬ್ರಿಟಿಷ್ ನೌಕಾವೈದ್ಯ ಜೇಮ್ಸ್ ಲಿಂಡ್ ‘ಸ್ಯಾಲಿಸ್ಬರಿ’ ಹಡಗಿನಲ್ಲಿ ಇದೇ ರೋಗದ 12 ಮಂದಿಯನ್ನು ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಉಪಚಾರ ಕೊಟ್ಟು ನೋಡಿದರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ಕೂತರು. ಊಟದೆಲೆಯ ತುದಿಯಲ್ಲಿ ನಿಂಬೆಹೋಳು ಇಡುವ ನಮ್ಮವರಿಗೆ ಆ ಫಲಿತಾಂಶ ಅಚ್ಚರಿ ತರಲಾರದು.

ಅಂಟಿದೆಯೋ, ಬರೀ ತಾಗಿದೆಯೋ?

ವಸಡಿನ ರೋಗಗಳನ್ನು ನಮ್ಮ ಪ್ರಾಚೀನರು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರೆಂಬುದಕ್ಕೆ ಸುಶ್ರುತಸಂಹಿತೆ ಸಾಕ್ಷಿ. ಬಾಯಿಯ 65 ರೋಗಗಳನ್ನು ಎಣಿಸುವ ಆ ಗ್ರಂಥ ಹಲ್ಲಿಗೆ ಎಂಟನ್ನು ಹೇಳಿದರೆ, ‘ದಂತಮೂಲ’ಕ್ಕೆ, ಅಂದರೆ ವಸಡಿಗೆ, ಹದಿನೈದನ್ನು ಮೀಸಲಿಡುತ್ತದೆ. ಕಾರಣವಿಲ್ಲದೆ ರಕ್ತ ಒಸರಿ, ವಸಡು ಕೊಳೆತು ಸಡಿಲಗೊಳ್ಳುವ ‘ಶೀತಾದ’, ಕೀವು ಸುರಿದು ಹಲ್ಲು ಅಲುಗಾಡುವ ‘ದಂತವೇಷ್ಟ’ಗಳ ವರ್ಣನೆ ಓದಿದ ಇಂದಿನ ದಂತವೈದ್ಯರಿಗೂ ರೋಗಿಯ ಮುಖ ಕಣ್ಮುಂದೆ ಬರುತ್ತದೆ. ಹಲ್ಲಿಗಿಂತ ಅದರ ಬುಡಕ್ಕೇ ಹೆಚ್ಚು ಗಮನ ಕೊಟ್ಟ ಆ ದೃಷ್ಟಿಯನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ಆದರೆ ವಸಡು ಹಲ್ಲನ್ನು ಹಿಡಿದಿರುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಅದಕ್ಕೆ ಒಂದು ವಿಚಿತ್ರ ಕಾರಣವಿದೆ. ಹಲ್ಲುಸಹಿತ ವಸಡನ್ನು ತೆಳುವಾಗಿ ಕತ್ತರಿಸಬೇಕಾದರೆ ಹಲ್ಲನ್ನು ಆಮ್ಲದಲ್ಲಿ ನೆನೆಸಿ ಮೆತ್ತಗಾಗಿಸಬೇಕು. ಆಮ್ಲ ತಾಗಿದ ಎನಾಮೆಲ್ ಸಂಪೂರ್ಣ ಕರಗಿಹೋಗುತ್ತದೆ. ಹೀಗಾಗಿ ವಿದ್ಯಾರ್ಥಿಗೆ ಗಾಜಿನ ಪಟ್ಟಿಯ ಮೇಲೆ ಕಾಣುವುದು ವಸಡು, ಅದರ ಪಕ್ಕ ಒಂದು ಬಿಳಿಯ ಶೂನ್ಯ. ಶೂನ್ಯದ ಅಂಚಿನಲ್ಲಿ ಕೆಲವೇ ಕೋಶಗಳ ಒಂದು ತೆಳು ಪಟ್ಟಿ ಯಾರದೋ ಕೈ ಹಿಡಿದು ನಿಂತು, ಆ ಯಾರೋ ಎದ್ದು ಹೋದಂತೆ ಕಾಣುತ್ತದೆ. ಹಿಡಿತವಿತ್ತೋ ಇಲ್ಲವೋ ಎಂದು ಹೇಳುವುದಾದರೂ ಹೇಗೆ?

ವಿಯೆನ್ನಾದ ಬರ್ನ್‌ಹಾರ್ಡ್ ಗಾಟ್ಲೀಬ್ 1921ರಲ್ಲಿ, ಈ ಪಟ್ಟಿ ಎನಾಮೆಲ್ಲಿಗೆ ಸಾವಯವವಾಗಿ ಅಂಟಿಕೊಂಡಿದೆ ಎಂದು ಸಾರಿದರು. ಮೂರು ದಶಕಗಳ ಬಳಿಕ, 1952ರಲ್ಲಿ, ನಾರ್ವೆಯ ಯೆನ್ಸ್ ವೇರ್‌ಹೌಗ್ ಅದನ್ನು ಅಲ್ಲಗಳೆದರು. ಅವರು ತೆಳುವಾದ ಉಕ್ಕಿನ ಅಲಗನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿದಾಗ ಅದು ಅಡೆತಡೆಯಿಲ್ಲದೆ ಎನಾಮೆಲ್ ಮುಗಿಯುವವರೆಗೂ ಜಾರಿತಂತೆ. ಹಾಗಾದರೆ ಅದು ಅಂಟಲ್ಲ, ಅಂಗಿಯ ತೋಳಿನ ಪಟ್ಟಿ ಮಣಿಕಟ್ಟಿಗೆ ಒತ್ತಿಕೊಂಡಂತೆ ಬರೀ ತಾಗಿಕೊಂಡಿದೆ ಎಂಬುದು ಅವರ ವಾದ. ವಾಗ್ವಾದಕ್ಕೆ ತೆರೆ ಎಳೆದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1960ರ ದಶಕದ ಆರಂಭದಲ್ಲಿ ಸ್ಟರ್ನ್, ಬಳಿಕ ಲಿಸ್ಟ್‌ಗಾರ್ಟನ್ ಮತ್ತು ಶ್ರೋಡರ್, ಕೋಶಗಳ ಅಂಚಿನಲ್ಲಿ ಸೂಕ್ಷ್ಮವಾದ ಗುಂಡಿಗಳಂಥ ರಚನೆಗಳನ್ನು ಕಂಡರು. ‘ಹೆಮಿಡೆಸ್ಮೊಸೋಮ್’ ಎಂಬ ಈ ಗುಂಡಿಗಳ ಮೂಲಕ ಕೋಶಗಳು ಹಲ್ಲಿನ ಮೇಲಿನ ಅಂಟುಪೊರೆಯನ್ನು ಹಿಡಿದಿದ್ದವು. ಗಾಟ್ಲೀಬ್ ಗೆದ್ದರು. ಆದರೆ ವೇರ್‌ಹೌಗರ ಅಲಗು ಸುಳ್ಳು ಹೇಳಿರಲಿಲ್ಲವೆಂಬುದು ನನ್ನ ಅಭಿಪ್ರಾಯ. ಆ ಪಟ್ಟಿ ಅಂಟಿಕೊಂಡಿರುವುದು ನಿಜ, ಸಲೀಸಾಗಿ ಸೀಳುವುದೂ ನಿಜ.

ಅಂಗಾಂಶವಿಜ್ಞಾನ ಇದನ್ನು ‘ಸಂಧಿಪದರ’ವೆನ್ನುತ್ತದೆ. ಓಣಿಯ ತಳದಲ್ಲಿ ಇದರ ದಪ್ಪ 15ರಿಂದ 30 ಕೋಶಗಳು. ಕೆಳಗಿಳಿಯುತ್ತ ಕಿರಿದಾಗಿ ತುದಿಯಲ್ಲಿ ಒಂದೋ ಎರಡೋ ಕೋಶಗಳಷ್ಟೇ. ಕೆರಾಟಿನ್ನಿನ ಹೊದಿಕೆ ಇಲ್ಲ, ಕೋಶಗಳ ನಡುವೆ ಸಾಕಷ್ಟು ಸಂದು. ಕೋಟೆಯ ಅತ್ಯಂತ ಅಪಾಯದ ಜಾಗದಲ್ಲಿ ಗೋಡೆ ಇಷ್ಟು ಸಡಿಲವಾಗಿರುವುದೇಕೆ? ಅದರ ರಕ್ಷಣೆ ಗಡಸುತನದಲ್ಲಿಲ್ಲ, ಚಲನೆಯಲ್ಲಿದೆ. ಇಲ್ಲಿನ ಕೋಶಗಳು ಒಂದರಿಂದ ಆರು ದಿನಗಳಲ್ಲಿ ಬದಲಾಗುತ್ತವೆ, ವಸಡಿನ ಉಳಿದ ಹೊದಿಕೆಗಿಂತ ಸುಮಾರು ಎರಡು ಪಟ್ಟು ಅಥವಾ ಇನ್ನೂ ಹೆಚ್ಚು ವೇಗ. ಅಂಟಿಕೊಂಡ ಬ್ಯಾಕ್ಟೀರಿಯವನ್ನು ಹೊತ್ತುಕೊಂಡೇ ಅವು ಕಳಚಿಬೀಳುತ್ತವೆ. ಸಂದುಗಳ ಮೂಲಕ ರಕ್ತದ್ರವದ ತಿಳಿ ಸದಾ ಒಸರಿ ಓಣಿಯನ್ನು ತೊಳೆಯುತ್ತಿರುತ್ತದೆ. 1958ರಲ್ಲಿ ಬ್ರಿಲ್ ಮತ್ತು ಕ್ರಾಸೆ ನಾಯಿಗಳ ಮಾಂಸಖಂಡಕ್ಕೆ ಹೊಳೆಯುವ ಬಣ್ಣವೊಂದನ್ನು ಚುಚ್ಚಿ, ವಸಡಿನ ಓಣಿಯಲ್ಲಿ ಸೋಸುಕಾಗದದ ಚೂರು ಇಟ್ಟು ಕಾದರು. ಮೂರೇ ನಿಮಿಷದಲ್ಲಿ ಕಾಗದಕ್ಕೆ ಬಣ್ಣ ಬಂತು. ಒಸರುವ ಈ ದ್ರವದ ಜೊತೆಗೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಪಡೆ ಹೊರಬರುತ್ತದೆ. ನಿಮಿಷಕ್ಕೆ ಸುಮಾರು 30,000 ಕಣಗಳು ಬಾಯಿಗೆ ಇಳಿಯುತ್ತವೆಂದು ಅಂದಾಜು. ಯಾವ ಕಾಯಿಲೆಯೂ ಇಲ್ಲದ, ಸುಖನಿದ್ರೆಯಲ್ಲಿರುವವರ ವಸಡಿನಲ್ಲೂ ಈ ಗಸ್ತು ನಿಲ್ಲುವುದಿಲ್ಲ.

ಎರಡು ಮಿಲಿಮೀಟರಿನ ಮರ್ಯಾದೆ

1961ರಲ್ಲಿ ಅಮೆರಿಕದ ಗಾರ್ಜುಲೊ, ವೆಂಟ್ಸ್ ಮತ್ತು ಓರ್ಬಾನ್ ಎಂಬ ಮೂವರು 30 ಮೃತದೇಹಗಳ 287 ಹಲ್ಲುಗಳ ಸುತ್ತಲಿನ ಅಂಗಾಂಶವನ್ನು ಅಳೆದರು. ಓಣಿಯ ಆಳ ಸರಾಸರಿ 0.69 ಮಿಲಿಮೀಟರ್, ಸಂಧಿಪದರದ ಉದ್ದ 0.97, ಅದರ ಕೆಳಗೆ ಮೂಳೆಯವರೆಗಿನ ಎಳೆಗಳ ಹಿಡಿತ 1.07. ಕೊನೆಯ ಎರಡನ್ನು ಕೂಡಿದರೆ 2.04 ಮಿಲಿಮೀಟರ್. ಈ ಎರಡು ಮಿಲಿಮೀಟರಿನ ಕೊರಳಪಟ್ಟಿ ದಂತವೈದ್ಯಕ್ಕೆ ಒಂದು ಲಕ್ಷ್ಮಣರೇಖೆಯಾಯಿತು. ಹಲ್ಲಿಗೆ ಕೂರಿಸುವ ಕ್ಯಾಪಿನ ಅಂಚು ಇದರೊಳಗೆ ಕಾಲಿಟ್ಟರೆ ವಸಡು ಸಹಿಸುವುದಿಲ್ಲ, ಉರಿಯುತ್ತದೆ, ಹಿಂದೆ ಸರಿಯುತ್ತದೆ, ಮೂಳೆಯೂ ಕರಗಬಹುದು. ಹೊಸ ಕ್ಯಾಪ್ ಹಾಕಿಸಿಕೊಂಡ ಹಲ್ಲಿನ ಸುತ್ತ ತಿಂಗಳುಗಟ್ಟಲೆ ಕೆಂಪು ನಿಂತರೆ ಇದೂ ಒಂದು ಕಾರಣವಿರಬಹುದು.

ಬದುಕಿರುವವರಲ್ಲಿ ಈ ಓಣಿಯನ್ನು ಅಳೆಯುವುದು ‘ಪ್ರೋಬ್’ ಎಂಬ ಗೆರೆ ಹಾಕಿದ ಸಪೂರ ಸಲಾಕೆಯಿಂದ. ತುದಿ ಅರ್ಧ ಮಿಲಿಮೀಟರಿನಷ್ಟು, ಒತ್ತಡ 20–25 ಗ್ರಾಂ ಮಾತ್ರ. ನುರಿತ ವೈದ್ಯರು ಹಲ್ಲಿನ ಸುತ್ತ ಅದನ್ನು ನಡೆಸುತ್ತ ‘ಎರಡು, ಒಂದು, ಎರಡು... ಮೂರು, ಎರಡು, ಮೂರು...’ ಎಂದು ಉಸುರುತ್ತಾರೆ, ಸಹಾಯಕರು ಬರೆದುಕೊಳ್ಳುತ್ತಾರೆ. ಸಲಾಕೆ ಓಣಿಯ ತಳವನ್ನು ಮೀರಿ ಸಡಿಲ ಸಂಧಿಪದರದೊಳಕ್ಕೂ ಕೊಂಚ ಇಳಿಯುವುದರಿಂದ ಅಳತೆ 0.69ಕ್ಕಿಂತ ಹೆಚ್ಚೇ ಬರುತ್ತದೆ. ಮೂರು ಮಿಲಿಮೀಟರಿನವರೆಗೆ ಚಿಂತೆಯಿಲ್ಲ. 2017ರ ಜಾಗತಿಕ ತಜ್ಞರ ಸಮಾವೇಶ ಒಪ್ಪಿಕೊಂಡ ವ್ಯಾಖ್ಯೆಯಂತೆ, ಸಲಾಕೆ ತಾಗಿಸಿದ ತಾಣಗಳಲ್ಲಿ ಶೇ 10ಕ್ಕಿಂತ ಕಡಿಮೆ ಕಡೆ ರಕ್ತ ಕಂಡು, ಆಳ ಎಲ್ಲೂ 3 ಮಿಲಿಮೀಟರ್ ಮೀರದಿದ್ದರೆ ಅದು ಸ್ವಸ್ಥ ವಸಡು. ಒಂದು ಹನಿಯೂ ರಕ್ತ ಬಾರದ ಬಾಯಿ ಆದರ್ಶವಷ್ಟೇ. ವಿಜ್ಞಾನ ಅಷ್ಟು ಕಟ್ಟುನಿಟ್ಟಾಗಿಲ್ಲ.

ಆರೋಗ್ಯ ಕೆಡುವುದಕ್ಕೂ ಮರಳುವುದಕ್ಕೂ ಎಷ್ಟು ದಿನ ಬೇಕೆಂಬುದು 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ತಿಳಿದುಬಂತು. ಹರಾಲ್ಡ್ ಲೋ ಮತ್ತು ಸಂಗಡಿಗರು ಸ್ವಸ್ಥ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜಲು ತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ವಸಡಿನ ಉರಿಯೂತಕ್ಕೆ ಮೂಲ ಹಲ್ಲಿನ ಮೇಲಿನ ಬ್ಯಾಕ್ಟೀರಿಯದ ಪಾಚಿಯೆಂಬುದು ಆ ಸರಳ ಪ್ರಯೋಗದಿಂದ ಸಂದೇಹಕ್ಕೆಡೆಯಿಲ್ಲದೆ ಸಿದ್ಧವಾಯಿತು. ಹಾಲೆಂಡಿನ ಲೀವನ್‌ಹುಕ್ 1683ರಲ್ಲೇ ತನ್ನ ಹಲ್ಲಿನ ಬೆಳ್ಳಗಿನ ಜಿಗುಟನ್ನು ಮಸೂರದಡಿ ಇಟ್ಟು, ಅಲ್ಲಿ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಿದ್ದ. ಆ ಜೀವಿಗಳ ಅಪರಾಧ ಸಾಬೀತಾಗಲು 282 ವರ್ಷ ಬೇಕಾಯಿತು.

ಅದೇ 1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಮೊದಲ ಬಾರಿಗೆ ಮನುಷ್ಯನ ದವಡೆಯ ಮೂಳೆಯಲ್ಲಿ ಟೈಟಾನಿಯಂ ಬೇರನ್ನು ನೆಟ್ಟರು. ಇಂದು ಜಿಲ್ಲಾ ಕೇಂದ್ರಗಳಲ್ಲೂ ಇಂಥ ‘ಇಂಪ್ಲಾಂಟ್’ ಹಾಕುವ ವೈದ್ಯರಿದ್ದಾರೆ. ಲೋಹದೊಂದಿಗೆ ಮೂಳೆ ಸೊಗಸಾಗಿ ಬೆಸೆಯುತ್ತದೆ. ವಸಡು ಮಾತ್ರ ಪೂರ್ತಿ ಮೋಸಹೋಗಿಲ್ಲ. ಹೊರಪದರ ತನ್ನ ಗುಂಡಿಗಳಿಂದ ಲೋಹವನ್ನು ಹಿಡಿಯುತ್ತದೆ, ಆದರೆ ಸಿಮೆಂಟಮ್ ಇಲ್ಲದ್ದರಿಂದ ಕೊಲಾಜನ್ ಎಳೆಗಳಿಗೆ ಬೇರಿಳಿಸಲು ನೆಲೆಯಿಲ್ಲ. ಅವು ಲೋಹದ ಪಕ್ಕದಲ್ಲಿ ಸಮಾನಾಂತರವಾಗಿ ಸಾಗುತ್ತವೆ. ಹೀಗಾಗಿ ಇಂಪ್ಲಾಂಟಿನ ಸುತ್ತಲ ಮುದ್ರೆ ಸಹಜ ಹಲ್ಲಿನದಕ್ಕಿಂತ ದುರ್ಬಲ. ದುಬಾರಿ ಹಲ್ಲು ಹಾಕಿಸಿಕೊಂಡವರು ‘ಇನ್ನು ಹುಳುಕಿನ ಭಯವಿಲ್ಲ’ ಎಂದು ಉಜ್ಜುವುದನ್ನು ಮರೆತರೆ ಸೋಲುವುದು ಲೋಹವಲ್ಲ, ಅದನ್ನು ಸುತ್ತುವರಿದ ವಸಡು. ಸವೆದು ಕೆಳಗಿಳಿದ ವಸಡಿಗೆ ಅಂಗುಳಿನಿಂದ ತೆಗೆದ ಅಂಗಾಂಶವನ್ನು ಕಸಿ ಮಾಡಿ ಹಲ್ಲಿನ ಬೇರನ್ನು ಮತ್ತೆ ಮುಚ್ಚುವ ಶಸ್ತ್ರಚಿಕಿತ್ಸೆ ಈಗ ಪಕ್ವವಾಗಿದೆ. ಹಲ್ಲುಗಳ ನಡುವಿನ ಕಳೆದುಹೋದ ತ್ರಿಕೋನವನ್ನು ಮರಳಿ ಕಟ್ಟುವುದು ಮಾತ್ರ ಪರಿಣತರ ಕೈಗೂ ಸುಲಭವಾಗಿ ದಕ್ಕಿಲ್ಲ.

ಬೇವಿನಕಡ್ಡಿ, ಇದ್ದಿಲು–ಉಪ್ಪು, ನಂಜನಗೂಡಿನ ಗುಲಾಬಿ ಹಲ್ಲುಪುಡಿ, ಟ್ಯೂಬಿನ ಪೇಸ್ಟು ಹೀಗೆ ಸಾಧನ ಬದಲಾದರೂ ವಸಡಿನ ಅಂಚು ತಾನು ಬೇಡುವುದನ್ನು ಬದಲಿಸಿಲ್ಲ. ನ್ಯೂ ಆರ್ಲಿಯನ್ಸಿನ ವೈದ್ಯ ಚಾರ್ಲ್ಸ್ ಬಾಸ್ ಕಳೆದ ಶತಮಾನದ ಮಧ್ಯದಲ್ಲಿ ಪ್ರಚಾರಕ್ಕೆ ತಂದ ಕ್ರಮದಲ್ಲಿ ಮೃದು ಬ್ರಷ್ಷಿನ ಎಳೆಗಳನ್ನು 45 ಡಿಗ್ರಿ ಓರೆಯಾಗಿ ಹಲ್ಲು–ವಸಡಿನ ಸಂಧಿಗೆ ಇಟ್ಟು ಸಣ್ಣಗೆ ಅಲುಗಿಸಬೇಕು. ಓಣಿಯೊಳಗಿನ ಪಾಚಿ ಅಲ್ಲಾಡುವುದು ಹಾಗೆ. ಒರಟಾಗಿ ಅಡ್ಡಡ್ಡ ತಿಕ್ಕಿದರೆ ಕೊಳೆ ಉಳಿದು ವಸಡೇ ಸವೆಯುತ್ತದೆ. ಬೀಡಿ, ಸಿಗರೇಟು ಸೇದುವವರ ವಸಡು ರೋಗವಿದ್ದರೂ ಅಷ್ಟಾಗಿ ರಕ್ತ ಸುರಿಸುವುದಿಲ್ಲ, ರೋಗ ಬಚ್ಚಿಟ್ಟುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಬೇಗ ಹಬ್ಬುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಕೆಯಿಂದ ವಸಡು ಚಿಕ್ಕ ಪ್ರಚೋದನೆಗೂ ಊದುತ್ತದೆ.

ರಕ್ತ ಕಂಡೊಡನೆ ಬ್ರಷ್ ಎತ್ತಿಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆರ್ಹುಸ್‌ನ ಹನ್ನೆರಡು ಮಂದಿಯ ವಸಡು ಕೆಟ್ಟದ್ದು ಬ್ರಷ್ ಎತ್ತಿಟ್ಟ ಮೇಲೆ. ಮೃದುವಾಗಿ, ಸಂದಿ ಬಿಡದೆ ಎರಡು ವಾರ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ದಂತವೈದ್ಯರಲ್ಲಿಗೆ ಹೋಗಿ ಆ ಸಪೂರ ಸಲಾಕೆಯಿಂದ ಒಮ್ಮೆ ಅಳತೆ ಮಾಡಿಸಿಕೊಳ್ಳಬೇಕು.